ಮನೆಗಾಡಿಗೊಂದು ಚಿಲಕ

೯ ಮಾರ್ಚ್, ಭಾನುವಾರ

ನನ್ನ ಮುದ್ದಿನ ಗುಬ್ಬಿಗೆ,

ಅಕ್ಕನ ನೂರೆಂಟು ಪ್ರೀತಿ. ಕಾಗದ ಬರೆಯದೆ ತಿಂಗಳುಗಳೇ ಆದವು, ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಬೈಯುವುದಿದ್ದರೆ ಮನಸಾರೆ ಬೈದುಬಿಡು, ಆಮೇಲೆ ಓದು. ಆದರೆ ತಪ್ಪು ನನ್ನೊಬ್ಬಳದೇ ಅಲ್ಲ. ಫೋನಿನಲ್ಲಾದರೂ ಮಾತಾಡೋಣ ಎಂದರೆ ನಿನ್ನ ಫೋನನ್ನು ಯಾವಾಗಲೂ ನಿನ್ನ ಯಜಮಾನರೇ ಎತ್ತುತ್ತಾರೆ. "ಸ್ನಾನಕ್ಕೆ ಹೋಗಿದ್ದಾಳೆ ಅಕ್ಕಾ, ಬಂದ್ಮೇಲೆ ಹೇಳ್ತೀನಿ" ಅನ್ನುತ್ತಾರೆ. ಅಲ್ಲ ಕಣೇ, ಬೆಳಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ, ನೀನೇನು ಮೀನಾಗಿಬಿಟ್ಟೆಯಾ? ಸೀರೆ ಎಷ್ಟು ಹೊತ್ತಿಗೆ ಒಣಗುತ್ತದೋ ಏನೋ.

ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಾಡಿಯನ್ನು ಬಾಡಿಗೆಗೆ ಕೊಡಬೇಕೋ ಬೇಡವೋ ಎಂದು ಇಲ್ಲಿ ಮಹಾಯುದ್ಧವೇ ನಡೆದಿದೆ. ಕಣ್ಣಿನ ಆಪರೇಷನ್ ಆದಮೇಲೆ ನಿನ್ನ ಭಾವನಿಗೆ ಡಾಕ್ಟರು ದೂರದ ಡ್ರೈವಿಂಗ್ ಬೇಡವೇ ಬೇಡ ಎಂದಿದ್ದಾರೆ. ನನಗೆ ಓಡಿಸಲು ಬರುತ್ತದೆ, ಪಕ್ಕದಲ್ಲಿ ಕುಳಿತು ಅವರು ಕೊಡುವ ಸಲಹೆ ತಡೆದುಕೊಳ್ಳಲು ಬರುವುದಿಲ್ಲ. ಹಾಗಾಗಿ ಪಾಪ, ಗಾಡಿ ನಮ್ಮ ವೆಲ್ಡಿಂಗ್ ಶಾಪಿನ ಹಿಂದೆ ನಿಂತೇ ಇದೆ. ಮೊನ್ನೆ ಒಳಗೆ ಹೋಗಿ ನೋಡಿದರೆ ಇಲಿಯೊಂದು ಸೀಟಿನ ಸ್ಪಂಜು ಕಿತ್ತು ಹಾಸಿಕೊಂಡು ಬಾಣಂತನ ಮುಗಿಸಿದೆ! ಟೈರ್ ಅಂಗಡಿಯವನು ಬಂದವನು, "ಅಕ್ಕಾ, ಹೀಗೇ ನಿಲ್ಸಿದ್ರೆ ಟೈರು ಗೋವಿಂದ. ಬಾಡಿಗೆಗಾದ್ರೂ ಬಿಡಿ, ಓಡಾಡ್ಕೊಂಡಿರತ್ತೆ" ಎಂದು ನಿನ್ನ ಭಾವನ ತಲೆಯಲ್ಲಿ ಹುಳ ಬಿಟ್ಟು ಹೋದ.

ನಿನಗೆ ಗೊತ್ತಲ್ಲ, ಗುಜರಿಯಿಂದ ತಂದ ಮಿನಿ ಬಸ್ಸಿಗೆ ಅವರು ಎರಡು ವರ್ಷ ಒದ್ದಾಡಿ ಮಡಚುವ ಮಂಚ, ಒಲೆ, ಸಿಂಕು, ನೀರಿನ ಪಂಪು ಎಲ್ಲ ಕೂಡಿಸಿದ್ದು. ಕುಶನ್ನು, ಪರದೆ ನನ್ನ ಮಷೀನಿನಲ್ಲಿ ಹೊಲಿದದ್ದು. ಮಕ್ಕಳಿಲ್ಲದ ಮನೆಯಲ್ಲಿ ಅದನ್ನೇ ಸಾಕಿದೆವು ಅಂದರೂ ಸರಿ. ಯಾರ್ಯಾರೋ ಬಂದು ಆ ಹಾಸಿಗೆಯಲ್ಲಿ ಬಿದ್ದುಕೊಳ್ಳುವುದು, ಆ ಒಲೆಯ ಮೇಲೆ ಹಾಲು ಉಕ್ಕಿಸುವುದು ನೆನೆದರೇ ಪರದೆಗಳನ್ನೆಲ್ಲ ಬಿಚ್ಚಿ ತಂದು ಬೀರುವಿನಲ್ಲಿ ಬೀಗ ಹಾಕಿಡೋಣ ಅನ್ನಿಸುತ್ತದೆ. ನಿನ್ನ ಭಾವನಿಗೋ ಗಾಡಿ ರಸ್ತೆಯ ಮೇಲೆ ಇದ್ದರೆ ಸಾಕು, ಯಾರು ಓಡಿಸಿದರೂ ಸಂತೋಷ.

ಕೇಳಿಕೊಂಡು ಬಂದವರ ಕಥೆ ಒಂದೊಂದೂ ಒಂದೊಂದು ಥರ. ಮೊದಲು ಕಾಲೇಜು ಹುಡುಗರ ದಂಡು ಬಂತು. ಮಂಚ ಎಷ್ಟಿದೆ ಎಂದು ಕೇಳಲಿಲ್ಲ, ಸ್ಪೀಕರ್ ಎಷ್ಟಿದೆ ಎಂದು ಕೇಳಿದರು. ಬಂದ ದಾರಿಗೆ ಸುಂಕವಿಲ್ಲ ಎಂದು ಕಳಿಸಿದೆ. ಆಮೇಲೆ ವಯಸ್ಸಾದ ದಂಪತಿ ಬಂದರು, ಬಹಳ ಒಳ್ಳೆಯವರು, ಜೊತೆಗೆ ನಾಲ್ಕು ಬೆಕ್ಕು. ಇಲಿಗಳ ಕಾಟಕ್ಕೆ ಅದೇ ಮದ್ದು ಎಂದು ನಿನ್ನ ಭಾವ ನಕ್ಕರು, ಆದರೆ ಪರದೆ ನನ್ನದಲ್ಲವೇ?

ನಿನ್ನೆ ಮೂರನೆಯವರು ಬಂದರು. ಗಂಡ, ಹೆಂಡತಿ, ಇಬ್ಬರೇ. ಅವನನ್ನು ನೋಡಿದರೆ ಯಾರಾದರೂ ಮೆಚ್ಚಬೇಕು. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ, ಗಾಡಿ ಹತ್ತುವ ಮುಂಚೆ ಬೂಟು ಬಿಚ್ಚಿದ. "ಸರ್, ಇಂಥ ಕೆಲಸ ಈಗ ಯಾರು ಮಾಡ್ತಾರೆ ಹೇಳಿ" ಅಂದಿದ್ದೇ ತಡ, ನಿನ್ನ ಭಾವ ಕರಗಿ ನೀರಾದರು. ಹೆಂಡತಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಕೈಯಲ್ಲಿ ಒಂದು ಪರ್ಸಿಲ್ಲ, ಫೋನಿಲ್ಲ. "ಟೀ ತರ್ಲಾ ನಿಮಗೆ?" ಎಂದು ನಾನು ಅವಳನ್ನು ಕೇಳಿದರೆ, "ಅವಳು ಕುಡಿಯಲ್ಲಮ್ಮ" ಎಂದು ಅವನು ಹೇಳಿದ. ಎಲ್ಲಿಗೆ ಹೋಗ್ತೀರಿ ಎಂದರೂ ಅವನೇ, ಮದುವೆಯಾಗಿ ಎಷ್ಟು ವರ್ಷವಾಯಿತು ಎಂದರೂ ಅವನೇ. ನನ್ನ ಬಾಯಿ ನಿನಗೆ ಗೊತ್ತಲ್ಲ, "ಏನಮ್ಮಾ, ನಾಲಿಗೆ ಗಂಡನ ಹತ್ರ ಅಡ ಇಟ್ಟಿದ್ದೀಯಾ?" ಎಂದೆ. ಅವನು ಜೋರಾಗಿ ನಕ್ಕ. ಅವಳೂ ನಕ್ಕಳು, ಆದರೆ ನಗುವ ಮೊದಲು ಅವನ ಮುಖ ನೋಡಿದಳು.

ಕಿಟಕಿಗಳನ್ನೆಲ್ಲ ಅವನು ತೆರೆದು ಮುಚ್ಚಿ ನೋಡಿದ. ಪೂರ್ತಿ ತೆರೆಯುತ್ತದಾ, ಅರ್ಧವಾ ಎಂದು ಕೇಳಿದ. ಕಾಡಿನ ಕಡೆ ಫೋನ್ ಸಿಗ್ನಲ್ ಎಲ್ಲಿಂದ ಸಿಗುವುದಿಲ್ಲ ಎಂದು ಕೇಳಿದ. ಎಲ್ಲರೂ ಎಲ್ಲಿ ಸಿಗುತ್ತದೆ ಎಂದಲ್ಲವೇ ಕೇಳುವುದು? ಕೊನೆಗೆ ಇಳಿಯುವಾಗ, ಅವಳು ದೂರ ಕಾರಿನ ಹತ್ತಿರ ಹೋದಮೇಲೆ, "ಸರ್, ಬಾಗಿಲಿಗೆ ಹೊರಗಡೆಯಿಂದ ಒಂದು ಚಿಲಕ ಹಾಕಿಕೊಡ್ತೀರಾ? ಇವಳಿಗೆ ನಿದ್ದೇಲಿ ಎದ್ದು ನಡೆಯೋ ಕಾಯಿಲೆ. ನಾನು ನೀರು ತರೋಕೆ ಹೋದಾಗ ಎಲ್ಲಾದ್ರೂ ಹೋಗಿಬಿಟ್ರೆ?" ಎಂದ. ಕಣ್ಣಂಚಿನಲ್ಲಿ ನೀರು ಬೇರೆ. ನಿನ್ನ ಭಾವ, "ಅದೇನ್ ಮಹಾ, ಅರ್ಧ ಗಂಟೆ ಕೆಲಸ" ಎಂದು ಒಪ್ಪಿಕೊಂಡರು.

ಎಲ್ಲ ಸರಿಯಾಗಿಯೇ ಇದೆ. ಆದರೂ ನಿನ್ನೆಯಿಂದ ನನಗೆ ಅನ್ನ ಸೇರುತ್ತಿಲ್ಲ. ನೀರು ತರುವುದು ಹಗಲು ಹೊತ್ತಿನಲ್ಲಿ ತಾನೆ? ಹಗಲಿನಲ್ಲಿ ಯಾರು ನಿದ್ದೆಯಲ್ಲಿ ನಡೆಯುತ್ತಾರೆ? ಹೇಳಿದರೆ, "ನಿಂಗೆ ಎಲ್ಲದ್ರಲ್ಲೂ ಅನುಮಾನ, ಗಾಡಿ ಕೊಡೋಕೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳು" ಎನ್ನುತ್ತಾರೆ. ಅದೂ ಸುಳ್ಳಲ್ಲ, ಅದಕ್ಕೇ ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ನೀನೇ ಹೇಳು ಗುಬ್ಬಿ, ಕೊಡಲಾ ಬೇಡವಾ?

೧೨ ಮಾರ್ಚ್, ಬುಧವಾರ

ಕಾಗದ ಅಂಚೆಗೆ ಹಾಕುವುದರೊಳಗೆ ವಿಷಯ ಮುಗಿದೇ ಹೋಯಿತು. ಇವತ್ತು ಬೆಳಗ್ಗೆ ಅವರು ಗಾಡಿ ತೆಗೆದುಕೊಂಡು ಹೋಗಲು ಬಂದರು. ಚಿಲಕ ನಿನ್ನೆಯೇ ತಯಾರಾಗಿತ್ತು. ನಿನ್ನ ಭಾವನ ಕೆಲಸ ಅಂದರೆ ಕೇಳಬೇಕೇ, ಆನೆ ಗುದ್ದಿದರೂ ಅಲ್ಲಾಡದ ಕಬ್ಬಿಣದ ಪಟ್ಟಿ, ಬೀಗಕ್ಕೆ ಕೊಂಡಿ ಬೇರೆ. ಅವನು ಅದನ್ನು ಹಿಂದೆ ಮುಂದೆ ಸರಿಸಿ, "ಪರ್ಫೆಕ್ಟ್ ಸರ್" ಎಂದ. ಹೆಂಡತಿ ಕಾರಿನ ಒಳಗೇ ಕುಳಿತಿದ್ದಳು.

ನಾನು ಹೋಗಿ, "ಬಾಮ್ಮ, ಒಲೆ ಹಚ್ಚೋದು ನೋಡ್ಕೋ, ಇಲ್ದಿದ್ರೆ ಹುಬ್ಬು ಸುಟ್ಕೋತೀಯ" ಎಂದು ಕೈ ಹಿಡಿದು ಕರೆತಂದೆ. ಅವನೂ ಹಿಂದೆಯೇ ಹತ್ತಲು ಬಂದ. "ನೀವ್ಯಾಕೆ ಇಲ್ಲಿ? ಟ್ಯಾಂಕ್ ತುಂಬ್ಸೋದು ಹೋಗಿ ಕಲೀರಿ, ಅದು ಗಂಡಸರ ಕೆಲಸ" ಎಂದು ಗದರಿದೆ. ನಗುತ್ತಾ ಹಿಂಬದಿಗೆ ಹೋದ. ನಾನು ಪಂಪು ಚಾಲೂ ಮಾಡಿದೆ. ಅದರ ಗಡಗಡ ಸದ್ದಿನಲ್ಲಿ ಒಳಗಿನ ಮಾತು ಹೊರಗಿನವರಿಗೆ ಕೇಳಿಸುವುದಿಲ್ಲ, ನಿನಗೆ ನೆನಪಿರಬಹುದು.

"ನಿದ್ದೇಲಿ ನಡೆಯೋದು ಯಾವಾಗಿಂದ ಶುರುವಾಯ್ತಮ್ಮ?" ಎಂದು ಕೇಳಿದೆ.

"ಯಾರಿಗೆ?" ಎಂದಳು.

ಗುಬ್ಬಿ, ಅವಳಿಗೆ ಗೊತ್ತೇ ಇರಲಿಲ್ಲ. ನಾನು ಬಾಗಿಲ ಕಡೆ ನೋಡಿದೆ, ಅವಳೂ ನೋಡಿದಳು. ತೆರೆದ ಬಾಗಿಲ ಹೊರಮೈಯಲ್ಲಿ ಹೊಸ ಚಿಲಕ ಮಿಂಚುತ್ತಿತ್ತು. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಸಿಂಕಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, "ಕೊಡ್ಬೇಡಿ" ಎಂದಳು. ಅಷ್ಟೇ. ನಾನು ನಮ್ಮ ನಂಬರ್ ಬರೆದ ಚೀಟಿ ಅವಳ ಕೈಗೆ ತುರುಕಲು ಹೋದೆ. "ಬೇಡ, ಮನೇಲಿ ಅವ್ರು ಎಲ್ಲಾ ತಡಕಿ ನೋಡ್ತಾರೆ" ಎಂದು ಹಿಂದಕ್ಕೆ ತಳ್ಳಿದಳು. ತಿರುಗಿ ನೋಡಿದರೆ ಅವನು ಬಾಗಿಲಲ್ಲಿ ನಿಂತಿದ್ದಾನೆ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಆ ದೇವರಿಗೇ ಗೊತ್ತು.

"ಏನು ಗುಟ್ಟು ನಡೀತಿದೆ?" ಎಂದ, ಅದೇ ತಗ್ಗಿದ ದನಿ.

"ಒಲೆ ಹಚ್ಚೋದು ಹೇಳ್ಕೊಡ್ತಿದ್ರು" ಎಂದಳು ಅವಳು.

ನಾನು ಮೂಗು ಮುಚ್ಚಿಕೊಂಡು, "ಅಯ್ಯೋ, ಗ್ಯಾಸ್ ವಾಸನೆ ಬರ್ತಿದೆಯಲ್ಲಾ! ಪೈಪು ಬದಲಾಯ್ಸೋವರೆಗೂ ಗಾಡಿ ಗೇಟ್ ದಾಟಲ್ಲ" ಎಂದು ಕೂಗಾಡಿದೆ. ನಿನ್ನ ಭಾವ, "ಯಾವ ವಾಸನೆ? ನಂಗೇನೂ ಬರ್ತಿಲ್ಲ" ಎಂದು ಎಡವಟ್ಟು ಮಾಡಿದರು. "ನಿಮ್ಗೆ ಕಣ್ಣಿನ ಜೊತೆ ಮೂಗೂ ಹೋಗಿದೆ" ಎಂದು ಅವರ ಬಾಯಿ ಮುಚ್ಚಿಸಿದೆ. ಅವನು ಸಿಟ್ಟು ಮಾಡಲಿಲ್ಲ, ಗುಬ್ಬಿ. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. "ಪರವಾಗಿಲ್ಲಮ್ಮ, ಇನ್ನೊಂದು ಕಡೆ ನೋಡಿಟ್ಟಿದ್ದೀನಿ" ಎಂದು ನಕ್ಕ. ಅವಳ ಮೊಣಕೈ ಹಿಡಿದು ಇಳಿಸಿದ. ಕಾರಿನವರೆಗೂ ಹಿಡಿದ ಕೈ ಬಿಡಲಿಲ್ಲ.

ಕಾರಿನ ನಂಬರ್ ನೋಡಿಕೊಂಡು ಠಾಣೆಗೆ ಫೋನ್ ಮಾಡಿದೆ. "ಏನಂತ ಬರ್ಕೊಳ್ಳಲಿ ಅಮ್ಮಾ, ಅವನ ಹೆಂಡ್ತಿ ಟೀ ಕುಡೀಲಿಲ್ಲ ಅಂತಾನಾ?" ಎಂದು ಆ ಕಡೆಯವನು ನಕ್ಕ. ಗಾಡಿಯನ್ನೇನೋ ಉಳಿಸಿಕೊಂಡೆ, ಅವಳನ್ನು ಅವನ ಜೊತೆಯೇ ಕಳಿಸಿದೆ. ಅವಳು ಹಿಂತಿರುಗಿ ನೋಡಲಿಲ್ಲ. ಇಷ್ಟೊತ್ತಿಗೆ ಅವರು ಎಲ್ಲಿರಬಹುದು? ಇನ್ನೊಂದು ಕಡೆಯವರು ಚಿಲಕ ಹಾಕಿಕೊಟ್ಟಿರಬಹುದೇ? ಕೈಗೆ ಎತ್ತಿಕೊಂಡ ಕುಶನ್ ಮೂರು ಸಲ ತಪ್ಪಾಗಿ ಹೊಲಿದು ಮೂರು ಸಲ ಬಿಚ್ಚಿದೆ.

ನಿನ್ನ ತಲೆಯನ್ನೂ ಕೆಡಿಸಿದೆ, ಕ್ಷಮಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಲೈಬ್ರರಿಯ ಧೂಳಿನಲ್ಲಿ ಕೆಮ್ಮು ಹಚ್ಚಿಕೊಳ್ಳಬೇಡ. ನೂರು ಕಾಲ ತಣ್ಣಗಿರು, ನನ್ನ ಬಂಗಾರ.

ಎಂದೆಂದಿಗೂ ನಿನ್ನ
ಅಕ್ಕ

ತಾ.ಕ. — ಗುರುವಾರ ಬೆಳಗ್ಗೆ. ಲಕೋಟೆ ಅಂಟಿಸಿದ್ದನ್ನು ಹರಿದು ಬರೆಯುತ್ತಿದ್ದೇನೆ. ಅವಸರದಲ್ಲಿದ್ದೇನೆ, ಅಕ್ಷರ ಕೂಡಿಸಿಕೊಂಡು ಓದು.

ತಿಂಡಿಗೆ ಕುಳಿತಾಗ ನಿನ್ನ ಭಾವ ಇನ್ನೂ ಗೊಣಗುತ್ತಲೇ ಇದ್ದರು. "ಒಂದು ಚಿಲಕಕ್ಕೆ ಇಷ್ಟೊಂದು ರಂಪ. ನಿನ್ ತಂಗಿ ಮನೇಲೂ ಹಾಕ್ಕೊಟ್ಟಿದ್ದೀನಲ್ಲ, ಅಲ್ಲೇನ್ ಆಕಾಶ ಬಿತ್ತಾ?" ಎಂದರು. ಯಾವಾಗ, ಯಾವ ಬಾಗಿಲಿಗೆ ಎಂದು ಬಿಡದೆ ಕೇಳಿದೆ. ಹೋದ ವರ್ಷ ಗೇಟ್ ಕೂರಿಸಲು ನಿಮ್ಮ ಊರಿಗೆ ಒಬ್ಬರೇ ಬಂದಿದ್ದರಲ್ಲ, ಆಗ ನಿನ್ನ ಯಜಮಾನರು ಕೇಳಿಕೊಂಡರಂತೆ. ಹೊರಮೆಟ್ಟಿಲು ಹತ್ತಿದರೆ ಸಿಗುವ ಮಹಡಿ ಕೋಣೆಯ ಬಾಗಿಲಿಗೆ. "ಅವಳು ನಿದ್ದೇಲಿ ನಡೀತಾಳೆ ಭಾವ, ಅಕ್ಕನಿಗೆ ಹೇಳ್ಬೇಡಿ, ನಾಚ್ಕೋತಾಳೆ" ಎಂದಿದ್ದರಂತೆ. ನೀನು ಆಗ ಕೆಲಸಕ್ಕೆ ಹೋಗಿದ್ದೆ. ಈ ಮನುಷ್ಯ ಕೊಟ್ಟ ಮಾತು ಉಳಿಸಿಕೊಂಡು ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದರು.

ಗುಬ್ಬಿ, ಮದುವೆಯಾಗುವವರೆಗೂ ನೀನು ನನ್ನ ಪಕ್ಕದಲ್ಲೇ ಮಲಗಿದವಳು. ಎಬ್ಬಿಸಿದರೂ ಏಳದ ಹುಡುಗಿ ನೀನು. ಯಾವತ್ತೂ ನಿದ್ದೆಯಲ್ಲಿ ನಡೆದವಳಲ್ಲ.

ಅದನ್ನು ಅವರಿಗೆ ಹೇಳಿದಾಗ ಅವರು ತಟ್ಟೆ ಸರಿಸಿ ಎದ್ದುಹೋದರು. ನಾನು ನಿನ್ನ ಲೈಬ್ರರಿಗೆ ಫೋನ್ ಮಾಡಿದೆ. ಅಲ್ಲಿಯ ಹೆಂಗಸು, "ಅವರು ಕೆಲಸ ಬಿಟ್ಟು ತುಂಬಾ ದಿನ ಆಯ್ತಲ್ಲಾ? ಹುಷಾರಿಲ್ಲ ಅಂತ ಅವರ ಯಜಮಾನರೇ ಬಂದು ಹೇಳಿಹೋದ್ರು. ನಿಮಗೆ ಗೊತ್ತಿಲ್ವಾ?" ಎಂದಳು. ನನಗೆ ಗೊತ್ತಿರಲಿಲ್ಲ ಕಣೇ. ನೀನು ಸ್ನಾನ ಮಾಡುತ್ತಿದ್ದೀಯ ಎಂದುಕೊಂಡಿದ್ದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತಿದ್ದೇನೆ. ಮನೆಗಾಡಿಯಲ್ಲೇ ಹೊರಟಿದ್ದೇವೆ, ನಾನು ಓಡಿಸುತ್ತೇನೆ. ನಿನ್ನ ಭಾವ ಕಟಿಂಗ್ ಮಷೀನ್ ಹಿಂದೆ ಇಟ್ಟು, ಆಗಲೇ ಗಾಡಿಯಲ್ಲಿ ಕುಳಿತಿದ್ದಾರೆ. ನಾಳೆ ನಿನ್ನ ಯಜಮಾನರು ಆಫೀಸಿಗೆ ಹೋದಮೇಲೆ ಹೊರಮೆಟ್ಟಿಲು ಹತ್ತುತ್ತೇವೆ. ಆ ಬಾಗಿಲ ಕೆಳಗೆ ಒಂದು ಬೆರಳಷ್ಟು ಸಂದಿಯಿದೆಯಂತೆ, ಅದರಿಂದ ಇದನ್ನು ಒಳಗೆ ತಳ್ಳುತ್ತೇನೆ. ಕಬ್ಬಿಣ ಕೊಯ್ಯುವ ಸದ್ದು ಜೋರಾಗಿರುತ್ತದೆ, ಕಿಡಿ ಹಾರುತ್ತದೆ. ಹೆದರಬೇಡ, ಬಾಗಿಲಿಂದ ದೂರ ಸರಿದು ನಿಲ್ಲು. ಆದರೆ ಅದಕ್ಕೂ ಮೊದಲು, ಈ ಸಾಲು ಓದುತ್ತಿದ್ದರೆ, ಒಳಗಿಂದ ಒಂದು ಸಲ ಬಾಗಿಲು ತಟ್ಟು. ಒಂದೇ ಸಲ ಸಾಕು, ಗುಬ್ಬಿ. ನಾನು ಬಾಗಿಲಿಗೆ ಕಿವಿಯಿಟ್ಟು ಕುಳಿತಿದ್ದೇನೆ.