ಬೇವಿನೆಲೆಯ ಮೇಲೆ ಹೇನು

ಕಟ್ಟೆಮಳಲವಾಡಿ
ಜನವರಿ 19, 2025, ಭಾನುವಾರ

ಪ್ರೀತಿಯ ಅವ್ವಾ,

ಹೇಗಿದ್ದೀಯ? ಕೊಡಗಿನ ಚಳಿಯಲ್ಲಿ ಕಾಫಿ ಹಣ್ಣು ಕಿತ್ತು ಬಿರಿದ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀಯ ತಾನೇ? ನಿನ್ನ ಲೈನ್‌ಮನೆಗೆ ಸಿಗ್ನಲ್ ಇಲ್ಲವಾದ್ದರಿಂದ ಈ ರಾಜಪತ್ರವನ್ನು ಕೂಲಿ ಜೀಪಿನ ಮಹದೇವಪ್ರಸಾದಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾವು ಕ್ಷೇಮ. ನಾವೆಂದರೆ ನಾನು, ತಂಗಿ ಶಾಂತಲಾ, ನಿನ್ನ ಅತ್ತೆ ಚಿಕ್ಕಬೀರಮ್ಮನವರು, ಮತ್ತು ತಲೆಯಲ್ಲಿ ವಾಸವಾಗಿರುವ ಅಸಂಖ್ಯ ಪ್ರಜೆಗಳು.

ಗಾಬರಿಯಾಗಬೇಡ, ಕೇಳು. ಶಾಂತಲೆಯ ಕತ್ತಿನ ಹಿಂದೆ, ಕಿವಿಯ ಸಂದಿಯಲ್ಲಿ ಕೆಂಪು ಗುಳ್ಳೆ ಎದ್ದವು. ಅಜ್ಜಿ ನೋಡಿದ್ದೇ ತಡ, ತೀರ್ಪು ಕೊಟ್ಟಳು: "ಅಮ್ಮ ಬಂದವ್ಳೆ ಕಣ್ಲಾ. ತಲೆಗೆ ನೀರು ಉಯ್ಯಂಗಿಲ್ಲ, ಬಾಚಣಿಗೆ ಮುಟ್ಟಂಗಿಲ್ಲ!" ಬಾಗಿಲಿಗೆ ಬೇವಿನ ಸೊಪ್ಪು ಏರಿತು. ಮಗು ಬೇವಿನೆಲೆಯ ಮೇಲೆ ಮಲಗಿ ಎರಡೂ ಕೈಯಲ್ಲಿ ಕೆರೆದುಕೊಂಡಿತು. ಗುಳ್ಳೆ ಭುಜಕ್ಕೂ ಬೆನ್ನಿಗೂ ಇಳಿದವು. ಒಂದು ಬೆಳಿಗ್ಗೆ ನೋಡುತ್ತೇನೆ, ದಪ್ಪ ಹೇನೊಂದು ಆ ಎಲೆಯ ಮೇಲೆ ಪಂಚಾಯ್ತಿ ಮೆಂಬರ್ ಹಾಗೆ ವಾಯುವಿಹಾರ ಮಾಡುತ್ತಿದೆ!

ಅಜ್ಜಿ ಹೊಲಕ್ಕೆ ಹೋದ ಹೊತ್ತಿನಲ್ಲಿ ಶಾಂತಲೆಯನ್ನು ಸೈಕಲ್ ಮೇಲೆ ಹುಣಸೂರಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಹೇನು ಕಚ್ಚಿದ್ದು ಕೆಲವು ಮಕ್ಕಳ ಮೈಗೆ ಆಗಿಬರುವುದಿಲ್ಲವಂತೆ, ಹೇನು ಮುಟ್ಟದ ಕಡೆಯೂ ಗುಳ್ಳೆ ಏಳುತ್ತವಂತೆ. ಹೇನು ಹೋದರೆ ಗುಳ್ಳೆಯೂ ಹೋಗುತ್ತದೆ, ಬೋಳಿಸಬೇಕಾಗಿಲ್ಲ ಎಂದು ತಲೆಗೆ ಲೋಷನ್, ಗುಳ್ಳೆಗೆ ಮುಲಾಮು ಕೊಟ್ಟರು.

ಅಜ್ಜಿ ಪೂರ್ತಿ ಕೇಳಬೇಕಲ್ಲ! ಅಮ್ಮ ಅಲ್ಲ, ಹೇನು ಎಂಬುದನ್ನಷ್ಟೇ ಒಪ್ಪಿ, ಬೇವಿನ ಸೊಪ್ಪು ಕಿತ್ತು ತಿಪ್ಪೆಗೆ ಎಸೆದು, "ಅಂಗಾದ್ರೆ ಬೋಳ್ಸಾಕು, ಪೀಡೆ ಕಳೀತದೆ" ಎಂದು ಕ್ಷೌರದ ದೇವಯ್ಯನಿಗೆ ಹೇಳಿಕಳಿಸಿದಳು. ಶಾಂತಲಾ ಜಡೆ ಹಿಡಿದುಕೊಂಡು ರಾಗಿ ಚೀಲದ ಹಿಂದೆ ಅವಿತಳು. ನೀನು ಹೊರಡುವ ದಿನ ಕಟ್ಟಿದ ಕೆಂಪು ರಿಬ್ಬನ್ ಇನ್ನೂ ಅದರಲ್ಲೇ ಇತ್ತು. ನಾನು ತಿಪ್ಪೆಯಿಂದ ಆ ಸೊಪ್ಪನ್ನು ತಂದು ಪರಮ ಭಕ್ತಿಯಿಂದ ಬಾಗಿಲಿಗೆ ಮತ್ತೆ ಕಟ್ಟಿದೆ. ದೇವಯ್ಯ ಬೀದಿಯಿಂದಲೇ ಕೈಮುಗಿದ: "ಅಮ್ಮ ಇರೋ ಮನೇಲಿ ಕತ್ತಿ ಆಡ್ಸಕ್ಕಿಲ್ಲ ಕಣಕ್ಕಾ." ಅಜ್ಜಿ, "ಅಮ್ಮ ಅಲ್ಲ ಕಣೋ, ಬರೀ ಹೇನು, ಬಾರೋ!" ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದಳು. ಅವನು ತಿರುಗಿ ನೋಡಲಿಲ್ಲ.

ಈಗ ದಿನಾ ಸಂಜೆ ಜಗುಲಿಯ ಮೇಲೆ ನಾನೇ ಸೀರಣಿಗೆ ಹಿಡಿದು ಹೇನು ಬಾಚುತ್ತೇನೆ. ನನ್ನ ಗೆಳೆಯ ಕಿರಣ ಬಂದು, "ಏನ್ಲಾ ಶಂಕರ, ಜಡೆ ಹಾಕೋ ಕೆಲ್ಸ ಸಿಕ್ತಾ?" ಎಂದ. "ಊಂ ಕಣ್ಲಾ, ಮುಂದಿನ್ ತಲೆ ನಿಂದೇ, ಕೂತ್ಕೊ" ಎಂದೆ. ಓಡಿದ. ಯಾರೇ ನಗಲಿ, ಅಜ್ಜಿ ಎಷ್ಟೇ ಬೈಯಲಿ, ಆ ಜಡೆಗೆ ಕತ್ತಿ ಬೀಳಲು ನಾನಂತೂ ಬಿಡುವುದಿಲ್ಲ. ಗುಳ್ಳೆ ಒಣಗುತ್ತಿವೆ ಅವ್ವಾ.

ನಿನಗೆ ಶಾಂತಲೆಯ ಮುತ್ತು, ನನ್ನ ಉದ್ದಂಡ ನಮಸ್ಕಾರ.

ನಿನ್ನ ಮಗ
ಶಿವಶಂಕರ
ಮುಖ್ಯಾಧಿಕಾರಿ, ಹೇನು ಸಂಹಾರ ಇಲಾಖೆ

ತಾ.ಕ.: ಜೀಪು ಹಾರನ್ ಹೊಡೆಯುತ್ತಿದೆ. ಮನೆಯವರೆಲ್ಲರ ತಲೆ ಒಟ್ಟಿಗೆ ಶುದ್ಧವಾಗದಿದ್ದರೆ ಗುಳ್ಳೆ ಮತ್ತೆ ಏಳುತ್ತವಂತೆ. ಶಾಂತಲಾ ಮಲಗುವುದು ಅಜ್ಜಿಯ ಪಕ್ಕ. ಅಜ್ಜಿಯೋ ಸೆರಗು ಹೊದ್ದುಕೊಂಡೇ ಗುಟ್ಟಾಗಿ ತಲೆ ಕೆರೆದುಕೊಳ್ಳುತ್ತಾಳೆ, ನನಗೆ ಮುಟ್ಟಲು ಬಿಡುವುದಿಲ್ಲ. "ನನ್ ಸೊಸೆ ಬರ್ಲಿ, ಅವ್ಳ ತೊಡೆ ಮ್ಯಾಲೆ ತಲೆ ಇಕ್ತೀನಿ" ಅಂತಾಳೆ. ಒಂದೇ ಒಂದು ದಿನಕ್ಕೆ ಬಂದು ಹೋಗವ್ವಾ. ಸೀರಣಿಗೆ ತೊಳೆದಿಟ್ಟಿರುತ್ತೇನೆ.