ಏಳನೆಯ, ಎಂಟನೆಯ ಪಕ್ಕೆಲುಬು

ಜನವರಿ ೧೦, ಸಂಜೆ
ಗುಳಿಗೆ ನುಂಗಿ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದಲ್ಲಿ ಕವನ ಸಂಕಲನ. ಒಂದು ರೊಟ್ಟಿ ಸೀದಿತು. ಸೀರೆ ಅಂಗಡಿಯಿಂದ ಗಂಡ ಆಗಷ್ಟೇ ಬಂದಿದ್ದ. ಶ್ರೀಶೈಲ — ಈ ಡೈರಿಯಲ್ಲಾದರೂ ಗಂಡನ ಹೆಸರು ಬರೆಯಬಹುದು.
"ಎಂ.ಎ. ಮಾಡಿದಾಕಿ ರೊಟ್ಟಿ ನೋಡ್ರಿ!"
ಪುಸ್ತಕವನ್ನು ಗ್ಯಾಸಿನ ಉರಿಗೆ ಹಿಡಿದ. ಕಸಿಯಲು ಹೋದೆ, ಕೆಡವಿದ. ಎಡಪಕ್ಕೆಗೆ ಒದ್ದ. ಎರಡು ಸಲ. ಒಳಗೆ ಏನೋ ಮುರಿದ ಸದ್ದು.

ಜನವರಿ ೧೬
ಸೀನಲಾರೆ. ನಗಲಾರೆ — ಅದರಿಂದೇನೂ ತೊಂದರೆಯಿಲ್ಲ.

ಮಾರ್ಚ್ ೧೨, ಬಾಗಲಕೋಟೆ
ಎದೆಯ ಸಿ.ಟಿ. ಸ್ಕ್ಯಾನ್. ಸ್ತನದ ಕ್ಯಾನ್ಸರ್ ಶ್ವಾಸಕೋಶಕ್ಕೆ ಇಳಿದು ವರ್ಷವಾಯಿತು. ಮೂರು ತಿಂಗಳಿಗೊಮ್ಮೆ ಈ ಯಂತ್ರದೊಳಗೆ. ಫಾರ್ಮು ತುಂಬಿದವನು ಶ್ರೀಶೈಲ. ಇತ್ತೀಚೆಗೆ ಪೆಟ್ಟಾಗಿದೆಯೇ? — ಇಲ್ಲ. ಮುದ್ದಾದ ಅಕ್ಷರ.
ಸ್ಕ್ಯಾನ್ ಮಾಡುವ ಲಾಡಸಾಬ ಮೈಕಿನಲ್ಲಿ: "ಅಕ್ಕಾರ, ಉಸಿರು ಪೂರಾ ಎಳಕೊಂಡು ಹಿಡೀರಿ. ಅರ್ಧಕ್ಕ ಬಿಟ್ರ ಫೋಟೋ ಕೆಡತೈತ್ರಿ."
ಎಳೆದೆ. ಕಣ್ಣು ಕತ್ತಲಾಯಿತು.

ಮಾರ್ಚ್ ೧೪
ಡಾಕ್ಟರ್ ಅಫ್ಸಾನಾ ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟರು. "ಲಂಗ್ಸ್‌ನ್ಯಾಗಿನ ಗಂಟು ಬೆಳದಿಲ್ರಿ. ಆದ್ರ ಎಡಕ್ಕ ಏಳನೇ, ಎಂಟನೇ ಪಕ್ಕೆಲುಬಿನ್ಯಾಗ ಹೊಸಾ ಕಲೆ. ಎಲುಬಿಗೂ ಹರಡಿದ್ರ ಜೋರಿನ ಔಷಧ ಕೊಡಬೇಕಾಗತೈತಿ. ಎಲ್ಲೆರ ಬಿದ್ದಿದ್ರೇನು?"
"ಎಲ್ಲೂ ಬಿದ್ದಿಲ್ರಿ," ಶ್ರೀಶೈಲ ಅಂದ. ಮೇಜಿನ ಕೆಳಗೆ ಅವನ ಬೂಟು ನನ್ನ ಪಾದದ ಮೇಲೆ. ಒತ್ತಿದ.
ಸೋಮವಾರದಿಂದ ಹೊಸ ಔಷಧ.

ಮಾರ್ಚ್ ೧೫, ಇಳಕಲ್ಲ
ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಾನೆ — "ಎಲುಬಿಗೂ ಬಂತ್ರಿ." ಗಿರಾಕಿಗಳು ಅವನ ಬೆನ್ನು ಸವರುತ್ತಾರೆ. ಅವನು ಮುರಿದದ್ದು ರೋಗದ ಹೆಸರಿಗೆ ಹೋಯಿತು. ಅದಕ್ಕಾಗಿ ನನ್ನ ನರಕ್ಕೆ ವಿಷ.
"ಡಾಕ್ಟರಿಗೆ ಖರೆ ಹೇಳ್ತೇನಿ," ಅಂದೆ.
ಕೂದಲಿಗೆ ಕೈ ಹಾಕಿದ. ಕೀಮೋ ಉಳಿಸಿದ ತುಂಡು ಕೂದಲು, ಮುಷ್ಟಿಗೆ ಸಿಗಲಿಲ್ಲ. ಕುತ್ತಿಗೆ ಸಿಕ್ಕಿತು. ಗೋಡೆಗೆ ಒತ್ತಿ ಹಿಡಿದು, ಮೆಲ್ಲಗೆ: "ನೀ ಸಾಯೂದು ಹೆಂಗೂ ಐತಿ. ನನ್ನ ಹೆಸರ ಯಾಕ ಕೆಡಸ್ತಿ?"

ಮಾರ್ಚ್ ೧೭
ಬಾಗಲಕೋಟೆಗೆ ಮೊದಲ ಬಸ್ಸು. ಒಬ್ಬಳೇ. ಕುತ್ತಿಗೆಗೆ ಸೆರಗು. ನಡುದಾರಿಯ ಹುನಗುಂದದಲ್ಲಿ ಇಳಿದು ಹಿಂದಿರುಗಲೇ ಅನ್ನಿಸಿತು. ಇಳಿಯಲಿಲ್ಲ.
ಡಾಕ್ಟರಿಗೆ ಹೇಳಿದೆ — ಒದ್ದ. ತಾರೀಖು ಹೇಳಿದೆ.
ಚಿತ್ರವನ್ನು ಮತ್ತೆ ತೆಗೆದು ನೋಡಿದರು. "ಇದು ಮುರದು ಕೂಡಿದ ಎಲುಬು ಇರಬೇಕು. ಖಾತ್ರಿ ಆಗೂತನಕ ಹೊಸಾ ಔಷಧ ಬ್ಯಾಡ." ಎದ್ದು ಬಾಗಿಲು ಹಾಕಿದರು. "ಬಸವೇಶ್ವರಿಯವರ, ಇದೊಂದ ಸಲ ಏನು?"
"ಇಲ್ರಿ."
ಕಾಗದ ಎಳೆದುಕೊಂಡರು. "ಹೇಳ್ರಿ. ಬರಕೋತೀನಿ."
ಮೊದಲನೆಯದು ಮದುವೆಯಾದ ವರ್ಷ, ಬಲಗೈ ಮಣಿಕಟ್ಟು. ಆಮೇಲೆ ಹಸಿಬಾಣಂತಿ ಇದ್ದಾಗ ಕಾಲು. ಆಮೇಲೆ ಅವ್ವ ಸತ್ತ ವಾರ—