ವಾಪಸ್ ಬಾರದ ಎರಡು ಅಂಕಿ

ಗೆಮ್ ಊರಿನ ಮಗಳೇ, ಸಿಪ್ರೋಸಾ,

ಹತ್ತು ದಿನದಿಂದ ನಿನ್ನ ಎರಡೂ ಫೋನುಗಳಿಗೆ ಕರೆ ಮಾಡಿ ಸಾಕಾಯಿತು. ಅದಕ್ಕೇ ಈ ಕಾಗದ. ಮಗಳ ನೋಟ್‌ಬುಕ್ಕಿನಿಂದ ನಾಲ್ಕು ಹಾಳೆ ಹರಿದುಕೊಂಡಿದ್ದೇನೆ. ಕಿಸುಮುವಿಗೆ ಹೋಗುವ ವ್ಯಾನಿನ ಡ್ರೈವರ್ ಇದನ್ನು ನಿನ್ನ ತವರಿಗೆ ಮುಟ್ಟಿಸುತ್ತಾನಂತೆ. ನೀನು ಅಲ್ಲಿಲ್ಲದಿದ್ದರೆ ನಿನ್ನ ಅಮ್ಮ ಓದಲಿ, ಅವರಿಗೂ ತಿಳಿಯಲಿ. ನಿನ್ನನ್ನು ಕಳ್ಳಿ ಎನ್ನಲು ನನಗಿನ್ನೂ ಬಾಯಿ ಬರುತ್ತಿಲ್ಲ. ಊರಿಗೆಲ್ಲ ಬರುತ್ತದೆ.

ಏಪ್ರಿಲ್ ಬಂತು. ದೋಣಿಗಳನ್ನು ಸರೋವರದ ದಡಕ್ಕೆಳೆದು ಮಗುಚಿ ಹಾಕಿದ್ದಾರೆ. ಸರ್ಕಾರದ ಕಟ್ಟಳೆ, ಜುಲೈ ಮುಗಿಯುವವರೆಗೆ ಪುಟ್ಟ ಒಮೆನಾ ಮೀನು ಹಿಡಿಯುವಂತಿಲ್ಲ. ಈ ನಾಲ್ಕು ತಿಂಗಳು ನಾವು ಏನು ತಿಂದು ಬದುಕುತ್ತಿದ್ದೆವು ಎಂಬುದು ನಿನಗೆ ಗೊತ್ತಿಲ್ಲದ್ದೇನಲ್ಲ. ವರ್ಷವಿಡೀ ಮರಳಿನ ಮೇಲೆ ಮೀನು ಒಣಗಿಸಿ, ಮಾರಿ, ಭಾನುವಾರ ಭಾನುವಾರ ನಮ್ಮ ಹೆಂಗಸರ ಗುಂಪಿಗೆ ಹಾಕಿ, ಮಾರ್ಚಿ ಕೊನೆಗೆ ಹಂಚಿಕೊಳ್ಳುವ ಹಣ ಅದು. ಹದಿನೆಂಟು ಮನೆಗಳ ಮೆಕ್ಕೆಜೋಳದ ಹಿಟ್ಟು. ಹಂಚುವುದಕ್ಕೆ ಎರಡೇ ದಿನ ಇದೆ ಎನ್ನುವಾಗ ನೀನು ನಾಲ್ಕು ಲಕ್ಷ ಶಿಲ್ಲಿಂಗನ್ನೂ ಬಳಿದುಕೊಂಡು ಹೋದೆ. ಒಂದು ಮನೆಯ ಮಟ್ಟಿಗಾದರೂ ಉಳಿಸಬಾರದಿತ್ತೇ?

ನಾವಿಬ್ಬರೂ ಈ ದಡಕ್ಕೆ ಸೊಸೆಯರಾಗಿ ಬಂದದ್ದು ಒಂದೇ ವರ್ಷ. ಇಲ್ಲಿ ಸೊಸೆಯರನ್ನು ತವರೂರಿನ ಹೆಸರು ಹಿಡಿದು ಕರೆಯುತ್ತಾರೆ. ನೀನು ಗೆಮ್ ಮಗಳಾದೆ, ನಾನು ಸೆಮೆ ಮಗಳಾದೆ. ಅತ್ತೆಯರ ಬೈಗುಳವನ್ನು ಪಾಲು ಮಾಡಿಕೊಂಡು ತಿಂದೆವು. ಪಿಲಿಸ್ಟಾ ಅಜ್ಜಿ ಹೆಂಗಸರ ಗುಂಪು ಕಟ್ಟಿದಾಗ ನಮ್ಮಿಬ್ಬರನ್ನೂ ತಾನೇ ಕರೆದು ಸೇರಿಸಿಕೊಂಡಳು. ಕಬ್ಬಿಣದ ಪೆಟ್ಟಿಗೆ ಬೆಲ್ದಿನಾಳ ಮನೆಯಲ್ಲಿ, ಅವಳು ಅಧ್ಯಕ್ಷೆ. ಪೆಟ್ಟಿಗೆಗೆ ಮೂರು ಬೀಗ. ಒಂದು ಬೀಗದ ಕೈ ಅಜ್ಜಿಯ ಹತ್ತಿರ, ಒಂದು ನಿನ್ನ ಹತ್ತಿರ, ಒಂದು ನನ್ನ ಹತ್ತಿರ. ಮೂವರೂ ಕೂಡಿದರೆ ಮಾತ್ರ ಮುಚ್ಚಳ ಏಳುತ್ತಿತ್ತು. ಮಗಳನ್ನು ಹೆರಲು ಆಸ್ಪತ್ರೆಗೆ ಹೋದಾಗ ನನ್ನದನ್ನು ನಿನಗೆ ಕೊಟ್ಟು ಹೋಗಿದ್ದೆ. ನಾಲ್ಕನೇ ದಿನ ಗಂಜಿಯ ಜೊತೆ ತಂದು ನನ್ನ ದಿಂಬಿನ ಕೆಳಗಿಟ್ಟೆ. "ತಗೋ ನಿನ್ನ ಕಬ್ಬಿಣ. ಸೊಂಟಕ್ಕೆ ಕಟ್ಕೊಂಡು ಹೊಟ್ಟೆಗೆ ಚುಚ್ಚಿಸಿಕೊಂಡು ಸಾಕಾಯ್ತು" ಎಂದೆ. ಹೊಲಿಗೆ ನೋಯುವಂತೆ ನಕ್ಕಿದ್ದೆ ನಾನು.

ಆಮೇಲೆ ನೋಟಿನ ಕಾಲ ಹೋಯಿತು. ಕಿಸುಮುವಿನ ದಲ್ಲಾಳಿಗಳು ಮೀನಿನ ದುಡ್ಡನ್ನು ಫೋನಿಗೇ ಹಾಕತೊಡಗಿದರು. ಹಿಟ್ಟಿನ ಗಿರಣಿ, ಶಾಲೆಯ ಫೀಸು, ಕಡೆಗೆ ಚರ್ಚಿನ ಕಾಣಿಕೆಯೂ ಫೋನಿನಲ್ಲೇ. ಪೆಟ್ಟಿಗೆಗೆ ಹಾಕಲು ಯಾರ ಕೈಯಲ್ಲೂ ನೋಟಿಲ್ಲ. ಫೋನ್ ಕಂಪನಿಯ ಹುಡುಗಿಯೊಬ್ಬಳು ಬಂದು ಗುಂಪಿಗೆಂದೇ ಒಂದು ಬಟನ್ ಫೋನು, ಅದಕ್ಕೊಂದು ಆರು ಅಂಕಿಯ ಗುಟ್ಟಿನ ನಂಬರು ಮಾಡಿಸಿಕೊಟ್ಟಳು. ನಂಬರು ಒಬ್ಬರಿಗೆ ಮಾತ್ರ ಗೊತ್ತಿರಬೇಕು ಎಂದಳು. ಬೆಲ್ದಿನಾ ಬಿಡುತ್ತಾಳೆಯೇ?

"ಒಬ್ಬಳಿಗೇ ಗೊತ್ತಿದ್ರೆ ಆ ಒಬ್ಬಳನ್ನ ಕಾಯೋರು ಯಾರಮ್ಮ? ನಿಮ್ಮ ಕಂಪನಿಯೋರಾ?"

ಉಪಾಯ ಹೇಳಿದ್ದು ಪಿಲಿಸ್ಟಾ ಅಜ್ಜಿ. "ಬೀಗ ಮೂರಿದ್ವಲ್ಲ, ಅಂಕಿನೂ ಮೂರು ಪಾಲು ಮಾಡಿ. ತಲೆಗೆರಡು."

ಅಂದಿನಿಂದ ಹಾಗೆಯೇ ನಡೆಯಿತು. ಉಳಿದ ಹೆಂಗಸರೆಲ್ಲ ಸರೋವರದ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಮೊದಲು ನೀನು ಎರಡು ಅಂಕಿ ಒತ್ತಬೇಕು, ಆಮೇಲೆ ನಾನು, ಆಮೇಲೆ ಅಜ್ಜಿ. ಕಂಪನಿಯ ಹುಡುಗಿ ತಲೆ ಚಚ್ಚಿಕೊಂಡು ಹೋದಳು. ನಾವು ಮಾತ್ರ ನಮ್ಮಂಥ ಜಾಣೆಯರಿಲ್ಲ ಎಂದುಕೊಂಡೆವು. ಅಜ್ಜಿಯ ಕಣ್ಣಿಗೆ ಪೊರೆ ಬಂದ ಮೇಲೆ ಅವಳು ತನ್ನ ಎರಡು ಅಂಕಿಯನ್ನು ನಿನ್ನ ಕಿವಿಯಲ್ಲಿ ಹೇಳುತ್ತಿದ್ದಳು, ನೀನು ಒತ್ತುತ್ತಿದ್ದೆ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬೇಡ ಎನ್ನಲಿಲ್ಲ. ಗುಂಪಿನ ಫೋನು ವಾರಕ್ಕೊಮ್ಮೆ ಚಾರ್ಜಿಗೆ ಬರುತ್ತಿದ್ದದ್ದೂ ನಿನ್ನ ಸೋಲಾರ್ ಅಂಗಡಿಗೇ. ಹಾಗಾಗಿ ನಿನಗೆ ಬೇಕಾಗಿದ್ದದ್ದು ನನ್ನ ಎರಡು ಅಂಕಿ ಮಾತ್ರ.

ಅದನ್ನು ನೀನು ನನ್ನಿಂದ ಪಡೆದ ದಿನ ನೆನಪಿದೆಯೇ? ನನ್ನ ಗಂಡ ಒಡೆರೊ ಹೋಮಾ ಬೇ ಆಸ್ಪತ್ರೆಯ ಹೆಣದ ಮನೆಯಲ್ಲಿ ಮಲಗಿದ್ದ. ಬಾಕಿ ಕಟ್ಟದೆ ಹೆಣ ಬಿಡುವುದಿಲ್ಲ ಎಂದಿದ್ದರು. ನಾನು ಆ ಬಾಗಿಲ ಮುಂದೆ ಗೋಡೆಗೊರಗಿ ಕೂತಿದ್ದೆ. ನೀನು ಫೋನು ಮಾಡಿದೆ. "ಅಳಬೇಡ, ಗುಂಪಿಂದ ಈಗಲೇ ಕಳಿಸ್ತೀವಿ. ಎಲ್ಲಾರೂ ಇಲ್ಲೇ ಸೇರಿದೀವಿ. ನಿನ್ನ ಎರಡು ಅಂಕಿ ಮೆಲ್ಲಗೆ ನನ್ನೊಬ್ಬಳಿಗೇ ಹೇಳು, ನಿನ್ನ ಬದಲು ಯಾರೋ ಒತ್ತಿದ್ರು ಅಂತ ಕಂಪನಿಗೇನು ಗೊತ್ತಾಗುತ್ತೆ" ಎಂದೆ. ಹೇಳಿದೆ. ನಿನ್ನ ಕಿವಿಗಲ್ಲದೆ ಇನ್ಯಾರ ಕಿವಿಗೆ ಹೇಳಲಿ? ಅರ್ಧ ಗಂಟೆಯಲ್ಲಿ ಹಣ ಬಂತು. ಉಳಿದವರಿಗೆ ನೀನು, ಸೆಮೆ ಮಗಳೇ ಫೋನಿನಲ್ಲಿ ಕಂಪನಿಗೆ ಒಪ್ಪಿಗೆ ಕೊಟ್ಟಳು ಎಂದು ಏನೋ ಹೇಳಿ ಮುಗಿಸಿದ್ದೆಯಂತೆ.

ಮಣ್ಣು ಮಾಡಿ ಬಂದ ಮೇಲೆ ನನಗೂ ಒಮ್ಮೆ ತೋಚಿತು, ಆ ನಂಬರು ಬದಲಾಯಿಸಬೇಕು ಎಂದು. ಬೀಗದ ಕೈಯಾದರೆ ನೀನು ವಾಪಸ್ ಕೊಡುತ್ತಿದ್ದೆ, ನನ್ನ ದಿಂಬಿನ ಕೆಳಗೆ ಬಂದು ಬೀಳುತ್ತಿತ್ತು. ಹೇಳಿದ ಅಂಕಿಯನ್ನು ನಿನ್ನ ತಲೆಯಿಂದ ಹೇಗೆ ವಾಪಸ್ ಇಸಿದುಕೊಳ್ಳಲಿ? ನಾನು ಬಾಯಿ ತೆರೆಯುವ ಮೊದಲೇ ನೀನು ಅಂದೆ, "ನಿನ್ನ ಅಂಕಿ ನಾನಾಗ್ಲೇ ಮರೆತೆ ಕಣೇ." ಅದರ ಮೇಲೂ ಬದಲಾಯಿಸೋಣ ಎಂದರೆ ನಿನ್ನ ಮುಖದ ಮೇಲೆ ಉಗಿದಂತೆ ಆಗುತ್ತಿತ್ತು. ನನ್ನ ಗಂಡನ ಹೆಣ ಬಿಡಿಸಿಕೊಟ್ಟವಳನ್ನು ಅನುಮಾನಿಸಲೇ? ನಾಚಿಕೆಯಾಗಿ ಸುಮ್ಮನಾದೆ. ಎರಡು ವರ್ಷ ಆ ಅಂಕಿ ನಿನ್ನ ತಲೆಯಲ್ಲಿ ಕೂತೇ ಇತ್ತು. ನನ್ನ ಮನೆಯಲ್ಲಿ ಉಣ್ಣುವಾಗಲೂ ಇತ್ತು, ನನ್ನ ಮಗಳ ಕೂದಲು ಹೆಣೆಯುವಾಗಲೂ ಇತ್ತು. ನನಗೆ ಉರಿಯುವುದು ಅದು ಸಿಪ್ರೋಸಾ. ಹಣಕ್ಕಿಂತ ಹೆಚ್ಚು ಉರಿಯುವುದು ಅದು.

ಶನಿವಾರ ಬೆಳಿಗ್ಗೆ ನಿನ್ನ ಅಂಗಡಿ ಮುಚ್ಚಿತ್ತು. ಗುಂಪಿನ ಫೋನು ಕಿಟಕಿಯಲ್ಲಿ ಪೂರ್ತಿ ಚಾರ್ಜಾಗಿ ಕೂತಿತ್ತು, ಖಾತೆಯಲ್ಲಿ ಐವತ್ತೆರಡು ಶಿಲ್ಲಿಂಗ್. ಕಂಪನಿಯ ಆಫೀಸಿಗೆ ಓಡಿದೆವು. ಅಲ್ಲಿನ ಹುಡುಗ ಕಂಪ್ಯೂಟರ್ ನೋಡಿ, "ನಂಬರು ಸರಿಯಾಗೇ ಒತ್ತಿದಾರಲ್ಲಮ್ಮಾ. ಇದರಲ್ಲಿ ಕಳ್ಳತನ ಅಂತ ಏನೂ ಕಾಣ್ತಾ ಇಲ್ಲ" ಎಂದ. ಪೊಲೀಸರು ಬರೆದುಕೊಂಡು ಕಳಿಸಿದರು.

ಭಾನುವಾರ ಮರದ ಕೆಳಗೆ ಸಭೆ. ಬೆಲ್ದಿನಾ ಮೊದಲು ಅಜ್ಜಿಯನ್ನು ಕೇಳಿದಳು. ಅಜ್ಜಿ, "ಹೌದು, ನನ್ನದು ಅವಳಿಗೆ ಗೊತ್ತಿತ್ತು. ನಿಮ್ಮ ಎದುರಿಗೇ ಹೇಳ್ತಿದ್ದೆನಲ್ಲ" ಎಂದಳು. ಆಮೇಲೆ ನನ್ನನ್ನು ಕೇಳಿದಳು. ಹದಿನಾರು ಜೊತೆ ಕಣ್ಣು ನನ್ನ ಮೇಲೆ. ಅವರ ಮಡಿಲ ಮಕ್ಕಳೂ ನನ್ನನ್ನೇ ನೋಡುತ್ತಿದ್ದಂತೆ ಅನಿಸಿತು. "ಇಲ್ಲ, ನಾನು ಹೇಳಿಲ್ಲ. ಒತ್ತುವಾಗ ಹಿಂದಿನಿಂದ ಇಣುಕಿ ನೋಡಿರಬೇಕು" ಎಂದೆ. ನಂಬಿಬಿಟ್ಟರು. ಅವರ ಸಿಟ್ಟಿಗೆ ಒಂದು ತಲೆ ಬೇಕಾಗಿತ್ತು, ಅಜ್ಜಿಯ ತಲೆ ಸಿಕ್ಕಿತು. "ಕಣ್ಣು ಕಾಣದಿದ್ರೆ ಬಿಟ್ಟುಕೊಡಬೇಕಿತ್ತು ಮುದುಕಿ. ಯಜಮಾನಿಕೆ ಬೇಕಿತ್ತಲ್ಲ ನಿಂಗೆ" ಎಂದಳು ಒಬ್ಬಳು. ಇನ್ನೊಬ್ಬಳು, "ನಿನಗೆಷ್ಟು ಪಾಲು ಕೊಟ್ಟು ಹೋದಳು?" ಎಂದಳು. ಗುಂಪು ಕಟ್ಟಿದವಳಿಗೆ ಅಂದ ಮಾತು ಇದು. ಸಂಜೆಯೊಳಗೆ ಅವಳ ಎರಡೂ ಮೇಕೆಗಳನ್ನು ಹೊಡೆದುಕೊಂಡು ಬಂದು ಬೆಲ್ದಿನಾಳ ಹಿತ್ತಿಲಲ್ಲಿ ಕಟ್ಟಿದರು. ನಾಲ್ಕು ತಿಂಗಳಿಗೆ ಆ ಮುದುಕಿಗಿದ್ದದ್ದು ಆ ಹಾಲೊಂದೇ.

ಬೆಲ್ದಿನಾಳ ಬೇಲಿ ನನ್ನ ಬೇಲಿ ಒಂದೇ. ಮಾರನೆಯ ದಿನ ಅಜ್ಜಿ ಬೇಲಿ ತಡವಿಕೊಂಡು ನನ್ನ ಬಾಗಿಲಿಗೆ ಬಂದಳು, ಕೈಯಲ್ಲೊಂದು ಹುಲ್ಲಿನ ಕಟ್ಟು. "ನನ್ನನ್ನ ಒಳಗೆ ಬಿಡಲ್ಲ ಮಗಳೇ. ಇದನ್ನ ನೀನೇ ಹಾಕಿ ಬಾ. ನಿನ್ನನ್ನಾದ್ರೆ ಅವ್ರು ನಂಬ್ತಾರೆ." ಇಸಿದುಕೊಂಡೆ. ಮಂಗಳವಾರವೂ ಬಂದಳು, ಬುಧವಾರವೂ ಬಂದಳು. ದಿನಾ ಇಸಿದುಕೊಂಡೆ, ದಿನಾ ಹೋಗಿ ಹಾಕಿ ಬಂದೆ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಗಂಡನಿಲ್ಲದವಳು, ಇಬ್ಬರು ಮಕ್ಕಳಿದ್ದಾರೆ, ನನ್ನನ್ನೂ ಹೊರಗೆ ಹಾಕಿದರೆ ಗತಿಯೇನು ಎಂಬ ಲೆಕ್ಕ ನನ್ನದು. ನಿನ್ನದೂ ಇಂಥದೇ ಯಾವುದೋ ಲೆಕ್ಕ ಇದ್ದಿರಬೇಕು. ಏನು ಕಷ್ಟವಿತ್ತು ಎಂದು ಒಂದು ಮಾತು ಹೇಳಿದ್ದರೆ ನನ್ನ ಪಾಲನ್ನು ನಾನೇ ತಂದು ನಿನ್ನ ಕೈಯಲ್ಲಿ ಇಡುತ್ತಿರಲಿಲ್ಲವೇ?

ನಿನ್ನೆ ಭಾನುವಾರ ಮತ್ತೆ ಸಭೆ ಸೇರಿತು. ಮೇಕೆಗಳನ್ನು ಸೋಮವಾರದ ಸಂತೆಗೆ ಹೊಡೆಯುವ ಮಾತು ಎತ್ತಿದರು. ಆಗ ನಾನು ಎದ್ದು ನಿಂತೆ. ಹೆಣದ ಮನೆಯ ಬಾಗಿಲಿನಿಂದ ಹಿಡಿದು ಎಲ್ಲ ಹೇಳಿದೆ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬೆಲ್ದಿನಾ ತಾನೇ ಹೋಗಿ ಮೇಕೆಗಳನ್ನು ಬಿಚ್ಚಿ ತಂದು ಹಗ್ಗವನ್ನು ಅಜ್ಜಿಯ ಕೈಗೆ ಕೊಟ್ಟಳು. ನಾನು ಅಜ್ಜಿಯ ಮುಂದೆ ಮಂಡಿಯೂರಿದೆ. ಅವಳು ಮೇಕೆಯ ಬೆನ್ನು ಸವರುತ್ತ ಅಂದಳು,

"ಗಂಡನ ಹೆಣದ ಮುಂದೆ ಕೂತಿದ್ರೆ ನಾನೂ ಹೇಳ್ಬಿಡ್ತಿದ್ದೆ ಮಗಳೇ. ಅದಕ್ಕೆ ನಿನ್ನ ಬೈಯಲ್ಲ. ದಿನಾ ನನ್ನ ಕೈಯಿಂದ ಹುಲ್ಲು ಇಸ್ಕೊಂಡೆಯಲ್ಲ, ಅದನ್ನ ಮಾತ್ರ ನಾನು ಮಾಡ್ತಿರಲಿಲ್ಲ."

ಅಷ್ಟೇ ಅಂದು ಮೇಕೆ ಹಿಡಿದುಕೊಂಡು ಹೋದಳು. ನಂಬಿದವರ ಕತ್ತು ಕೊಯ್ಯುವುದು ನಿನ್ನೊಬ್ಬಳಿಗೇ ಬರುತ್ತದೆ ಎಂದುಕೊಂಡು ಹತ್ತು ದಿನ ನಿನ್ನನ್ನು ಬೈದೆ. ನನಗೂ ಚೆನ್ನಾಗಿಯೇ ಬರುತ್ತದೆ.

ಆಗಸ್ಟಿನಿಂದ ಒಡೆರೊನ ದೋಣಿಯ ದುಡಿಮೆಯೆಲ್ಲ ಗುಂಪಿಗೆ ಹೋಗುತ್ತದೆ, ಆ ನಾಲ್ಕು ಲಕ್ಷ ತೀರುವವರೆಗೆ. ನಾನೇ ಒಪ್ಪಿದ್ದೇನೆ. ಮಾತಾಡಿಸುತ್ತಾರೆ, ಹಿಟ್ಟು ಬೇಕೇ ಎಂದೂ ಕೇಳುತ್ತಾರೆ. ಆದರೆ ಇವತ್ತು ನೀರಿನ ಹತ್ತಿರ, ಕೊಡ ತಲೆಗೇರಿಸಿಕೊಳ್ಳುವಾಗ, ಎದುರು ಮನೆಯವಳು ತನ್ನ ಕೂಸನ್ನು ನನ್ನ ಕಡೆ ಚಾಚಿದವಳು ಮತ್ತೆ ತನ್ನ ಬೆನ್ನಿಗೇ ಕಟ್ಟಿಕೊಂಡಳು. ಯಾವಾಗಲೂ ನಾನೇ ಹಿಡಿದುಕೊಳ್ಳುತ್ತಿದ್ದ ಕೂಸು ಅದು.

ಹಣ ಏನಾದರೂ ಉಳಿದಿದ್ದರೆ ಅಜ್ಜಿಯ ಪಾಲು ಕಳಿಸು. ನನ್ನ ಪಾಲು ನೀನೇ ತಿನ್ನು, ಮೈಗೆ ಹತ್ತಲಿ. ಎಲ್ಲಿದ್ದರೂ ಆರೋಗ್ಯವಾಗಿರು. ಅಲ್ಲಿಯೂ ಯಾರಾದರೊಬ್ಬಳು ತನ್ನ ಸಂಕಟದ ಹೊತ್ತಿನಲ್ಲಿ, ನಾನು ನಂಬಿದಷ್ಟೇ ನಿನ್ನನ್ನು ನಂಬಲಿ. ಆಗ ನಿನ್ನ ಕೈ ನಡುಗಲಿ. ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ಹರಕೆ ನನ್ನ ಬಾಯಿಂದ ಹೊರಡುವುದಿಲ್ಲ.

ಇಂತಿ,
ಸೆಮೆ ಮಗಳು ಮಿಲ್ಕಾ